ದ್ರಾಕ್ಷಿ ಸೀಮೆಯಲ್ಲಿ ಸೀಗಡಿಯ ಲೆಕ್ಕ

ನಾಸಿಕದಿಂದ ಸಿನ್ನರ್ ಕಡೆಗೆ, ಅಥವಾ ಛತ್ರಪತಿ ಸಂಭಾಜಿನಗರದಿಂದ ಜಾಲ್ನಾ ಕಡೆಗೆ ಹೊರಟವರಿಗೆ ಹೊಲಗಳ ನಡುವೆ ಅಲ್ಲಲ್ಲಿ ಎತ್ತರದ ಮಣ್ಣಿನ ಏರಿಗಳು ಕಾಣುತ್ತವೆ. ಏರಿ ಹತ್ತಿ ಇಣುಕಿದರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಚೌಕನೆಯ ಹೊಂಡ, ಅದರ ತುಂಬ ಅಲುಗಾಡದೆ ನಿಂತ ನೀರು. ಮರಾಠಿ ರೈತರು ಇದನ್ನು ಶೇತತಳೆ ಎನ್ನುತ್ತಾರೆ. ನಮ್ಮ ಕೃಷಿ ಹೊಂಡದ ವಂಶದ್ದೇ, ಆದರೆ ಗಾತ್ರದಲ್ಲಿ ಹಲವು ಪಟ್ಟು ದೊಡ್ಡದು. ದ್ರಾಕ್ಷಿ, ದಾಳಿಂಬೆ, ಮೋಸಂಬಿ ತೋಟಗಳು ಬೇಸಿಗೆ ದಾಟುವುದು ಈ ನೀರಿನ ಬಲದಿಂದ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ‘ಮಾಗೇಲ್ ತ್ಯಾಲಾ ಶೇತತಳೆ’, ಅಂದರೆ ಕೇಳಿದವರಿಗೆಲ್ಲ ಕೃಷಿ ಹೊಂಡ, ಎಂಬ ಯೋಜನೆ ತಂದು ಒಂದೊಂದಕ್ಕೆ 50,000 ರೂಪಾಯಿವರೆಗೆ ಸಹಾಯಧನ ಕೊಟ್ಟಿತು. ತೋಟಗಾರಿಕೆ ಯೋಜನೆಗಳಡಿ ಪ್ಲಾಸ್ಟಿಕ್ ಹಾಸಿನ ದೊಡ್ಡ ಹೊಂಡಗಳಿಗೆ ಲಕ್ಷಗಳ ಲೆಕ್ಕದಲ್ಲಿ ನೆರವು ಸಿಕ್ಕಿತು. ಜಾಲ್ನಾ ಜಿಲ್ಲೆಯ ಕಡವಂಚಿಯಂಥ ಒಂದೇ ಊರಿನಲ್ಲಿ ನೂರಾರು ಹೊಂಡಗಳಾದವು.

ಇಷ್ಟು ನೀರು ಕಣ್ಣೆದುರು ನಿಂತಿರುವಾಗ ರೈತರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟುವುದು ಸಹಜ. ಇದರಲ್ಲಿ ಮೀನು ಬಿಟ್ಟರೆ ಹೇಗೆ? ಮೀನಿಗಿಂತ ಎರಡು ಮೂರು ಪಟ್ಟು ಬೆಲೆಯ ಸೀಗಡಿ ಬಿಟ್ಟರೆ? ಕರಾವಳಿ ಆಂಧ್ರದ ಭೀಮಾವರಂ, ನೆಲ್ಲೂರಿನ ಹೊಂಡಗಳ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತಿರುವ ಕಾಲದಲ್ಲಿ ಈ ಪ್ರಶ್ನೆ ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ, ದಾಳಿಂಬೆ ಬೆಳೆಗಾರರದೂ ಹೌದು. ಉತ್ತರ ಹುಡುಕಲು ಸೀಗಡಿ ಎಂಬ ಜೀವಿಯನ್ನೂ ಅದನ್ನು ಒತ್ತೊತ್ತಾಗಿ ಸಾಕುವ ಹೊಂಡವನ್ನೂ ಒಳಹೊಕ್ಕು ನೋಡಬೇಕು.

ಭಾರತದ ಮಟ್ಟಿಗೆ ಇದು ಸಣ್ಣ ವ್ಯಾಪಾರವಲ್ಲ. 2023-24ರಲ್ಲಿ ದೇಶದಿಂದ ಸುಮಾರು 7.16 ಲಕ್ಷ ಟನ್ ಹೆಪ್ಪುಗಟ್ಟಿಸಿದ ಸೀಗಡಿ ರಫ್ತಾಯಿತು. ಅದರ ಮೌಲ್ಯ 40,000 ಕೋಟಿ ರೂಪಾಯಿ ದಾಟಿತ್ತು. ಆ ವರ್ಷ ನಾವು ಹೊರದೇಶಗಳಿಗೆ ಮಾರಿದ ಎಲ್ಲ ಮೀನುಗಾರಿಕಾ ಉತ್ಪನ್ನಗಳ ಗಳಿಕೆಯಲ್ಲಿ ಮೂರನೇ ಎರಡು ಪಾಲು ಸೀಗಡಿಯೊಂದರದೇ. ಇದರಲ್ಲಿ ಬಹುಪಾಲು ಕಡಲಿನಿಂದ ಹಿಡಿದದ್ದಲ್ಲ, ಹೊಂಡದಲ್ಲಿ ಬೆಳೆಸಿದ್ದು. ಬೆಳೆಸಿದ ರಾಜ್ಯಗಳಲ್ಲಿ ಆಂಧ್ರ ಎಲ್ಲರಿಗಿಂತ ಬಹಳ ಮುಂದಿದೆ. ಅತಿ ದೊಡ್ಡ ಗಿರಾಕಿ ಅಮೆರಿಕ. ಅದೇ ಅಮೆರಿಕ 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ಗೋದಾವರಿ ಮುಖಜದ ಹೊಂಡಗಳ ದಂಡೆಯ ಮೇಲೆ ನಿಂತ ರೈತ ನಡುಗಿದ್ದು ಇದೇ ಕಾರಣಕ್ಕೆ.

ಈಗ ಹೊಂಡಗಳನ್ನು ಆಳುತ್ತಿರುವ ತಳಿ ನಮ್ಮ ದೇಶದ್ದಲ್ಲ. ಅದು ವನಾಮಿ, ಮೆಕ್ಸಿಕೊದಿಂದ ಪೆರುವಿನ ಉತ್ತರದವರೆಗಿನ ಶಾಂತಸಾಗರದ ಕರಾವಳಿ ಅದರ ತವರು. ನಮ್ಮ ಸ್ವಂತದ್ದು ಕಪ್ಪು ಪಟ್ಟೆಯ ಟೈಗರ್ ಸೀಗಡಿ. 1990ರ ದಶಕದಲ್ಲಿ ಎಲ್ಲರೂ ಸಾಕುತ್ತಿದ್ದದ್ದು ಅದನ್ನೇ. 1994ರ ಹೊತ್ತಿಗೆ ಭಾರತಕ್ಕೆ ಕಾಲಿಟ್ಟ ಬಿಳಿಚುಕ್ಕೆ ವೈರಸ್ ಟೈಗರ್ ಸಾಕಣೆಯ ಬೆನ್ನು ಮುರಿಯಿತು. 2009ರಲ್ಲಿ ಸರ್ಕಾರ ವನಾಮಿಗೆ ಬಾಗಿಲು ತೆರೆಯಿತು. ರೋಗಮುಕ್ತವೆಂದು ಪ್ರಮಾಣಿತವಾದ ತಾಯಿ ಸೀಗಡಿಗಳು ಹೊರದೇಶದಿಂದ ಬಂದಾಗ ಮೊದಲು ಚೆನ್ನೈನ ನೀಲಾಂಕರೈ ಬಳಿಯ ಕ್ವಾರಂಟೈನ್ ಕೇಂದ್ರದಲ್ಲಿ ಇರಬೇಕು. ಅಲ್ಲಿ ಪಾಸಾದ ಮೇಲೆ ಮರಿ ಉತ್ಪಾದಿಸುವ ಹ್ಯಾಚರಿಗಳಿಗೆ ಹೋಗುತ್ತವೆ. ಟೈಗರ್ ಹೆಚ್ಚಾಗಿ ತಳ ಹಿಡಿದು ಬದುಕುವ ಪ್ರಾಣಿ. ವನಾಮಿ ನೀರಿನ ನಡುಮಟ್ಟವನ್ನೂ ಬಳಸಿಕೊಳ್ಳುತ್ತದೆ, ಕಡಿಮೆ ಪ್ರೋಟೀನಿನ ಆಹಾರದಲ್ಲೂ ಬೆಳೆಯುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಎಷ್ಟೋ ಪಟ್ಟು ಹೆಚ್ಚು ಮರಿ ಬಿಡಬಹುದು. ಕರಾವಳಿ ಜಲಕೃಷಿ ಪ್ರಾಧಿಕಾರ ವನಾಮಿಗೆ ಹಾಕಿದ ಮಿತಿ ಚದರ ಮೀಟರಿಗೆ 60 ಮರಿ.

ಈ ಅರವತ್ತರಲ್ಲೇ ‘ತೀವ್ರ ಸಾಕಣೆ’ಯ ಇಡೀ ಕಥೆಯಿದೆ. ಹಿಂದೆ ಹಿನ್ನೀರಿನ ಗದ್ದೆಗೆ ಉಬ್ಬರದ ಜೊತೆ ಬಂದ ಮರಿಯನ್ನೇ ಕೂಡಿಹಾಕಿ ಬೆಳೆಸಿದಾಗ ಹೆಕ್ಟೇರಿಗೆ ಕೆಲವು ನೂರು ಕಿಲೊ ಸಿಗುತ್ತಿತ್ತು. ಆ ಸೀಗಡಿಗೆ ಆಹಾರ ಕೊಡುವವರು ಯಾರೂ ಇರಲಿಲ್ಲ, ನೀರೇ ಸಾಕುತ್ತಿತ್ತು. ತೀವ್ರ ಸಾಕಣೆಯಲ್ಲಿ ಅದೇ ಹೆಕ್ಟೇರಿನಿಂದ ಎಂಟು ಹತ್ತು ಟನ್ ತೆಗೆಯುತ್ತಾರೆ. ಅಷ್ಟು ಜೀವಗಳಿಗೆ ಉಸಿರಾಡಲು ಬೇಕಾದ ಆಮ್ಲಜನಕವನ್ನು ಯಂತ್ರ ಕೊಡಬೇಕು, ತಿನ್ನಲು ಬೇಕಾದದ್ದನ್ನು ಚೀಲದಿಂದ ಸುರಿಯಬೇಕು, ಅವು ಹೊರಹಾಕಿದ್ದನ್ನು ಯಾರಾದರೂ ಹೊರಬೇಕು.

ಮೊದಲನೆಯದು ಉಸಿರು. ಹೊಂಡದ ನೀರಿನಲ್ಲಿ ಲೀಟರಿಗೆ ನಾಲ್ಕು ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕವಿದ್ದರೆ ಸೀಗಡಿ ಮೇವು ಬಿಡತೊಡಗುತ್ತದೆ. ಇನ್ನೂ ಇಳಿದರೆ ಅಂಚಿಗೆ ಬಂದು ಮುತ್ತುತ್ತದೆ, ಸಾಯುತ್ತದೆ. ಹಗಲಿನಲ್ಲಿ ಪಾಚಿಕಣಗಳು ಬಿಸಿಲುಂಡು ಆಮ್ಲಜನಕ ಬಿಡುತ್ತವೆ. ರಾತ್ರಿಯಾದರೆ ಆ ಪಾಚಿಯೇ ಆಮ್ಲಜನಕ ತಿನ್ನುವ ಪಾಲುದಾರ. ಆದ್ದರಿಂದ ಬೆಳಗಿನ ಜಾವ ಮೂರರಿಂದ ಸೂರ್ಯೋದಯದವರೆಗಿನ ಹೊತ್ತು ಸೀಗಡಿ ರೈತರಿಗೆ ಅತಿ ಕಷ್ಟದ ಗಳಿಗೆ. ನೀರನ್ನು ಚಿಮ್ಮಿಸುವ ಚಕ್ರದ ಏರೇಟರ್‌ಗಳು ಆಗ ನಿಲ್ಲುವಂತಿಲ್ಲ. ಹೆಚ್ಚುಕಡಿಮೆ ನಾನೂರು ಐನೂರು ಕಿಲೊ ಸೀಗಡಿಗೆ ಒಂದು ಅಶ್ವಶಕ್ತಿಯ ಏರೇಟರ್ ಬೇಕೆಂಬುದು ರೂಢಿಯ ಲೆಕ್ಕ.

ಎರಡನೆಯದು ಮೇವು. ಮೂರು ನಾಲ್ಕು ತಿಂಗಳ ಬೆಳೆಯಲ್ಲಿ ಅರ್ಧಕ್ಕೂ ಹೆಚ್ಚು ಖರ್ಚು ಇದರದೇ. ದಿನಕ್ಕೆ ನಾಲ್ಕು ಬಾರಿ ಕಾಳಿನಂಥ ಮೇವು ಎರಚುತ್ತಾರೆ. ನಾಲ್ಕು ಮೂಲೆಗೆ ಚೆಕ್ ಟ್ರೇ ಎಂಬ ತಟ್ಟೆ ಇಳಿಬಿಟ್ಟು ಎರಡು ತಾಸಿನ ನಂತರ ಎತ್ತಿ ನೋಡುತ್ತಾರೆ. ತಟ್ಟೆಯಲ್ಲಿ ಮೇವು ಉಳಿದಿದ್ದರೆ ಮುಂದಿನ ಹೊತ್ತಿಗೆ ಕಡಿತ. ಸೀಗಡಿಯ ಕರುಳು ತುಂಬಿದೆಯೆ, ಚಿಪ್ಪು ಗಟ್ಟಿಯಿದೆಯೆ, ಪೊರೆ ಕಳಚುತ್ತಿದೆಯೆ ಎಂಬುದನ್ನೆಲ್ಲ ಹೇಳುವುದು ಆ ತಟ್ಟೆಯೇ. ಅನುಭವಿ ರೈತರು ಹೊಂಡವನ್ನು ಕಾಣುವುದು ಹೆಚ್ಚಾಗಿ ತಟ್ಟೆಯ ಮೂಲಕ. ಹಸಿರು ನೀರಿನ ಒಳಗೆ ಬೇರೆ ಏನೂ ಕಾಣುವುದಿಲ್ಲ.

ಮೂರನೆಯದು ಕೊಳೆ. ಮರಿ, ಮೇವು ಮಾರುವವರು ಹೇಳದ ಭಾಗ ಇದು. ಇದನ್ನು ನಾಸಿಕದ ಹೊಂಡದ ಅಳತೆಯಲ್ಲೇ ಲೆಕ್ಕ ಹಾಕಬಹುದು. 34 ಮೀಟರ್ ಉದ್ದ, ಅಷ್ಟೇ ಅಗಲದ ಹೊಂಡವೆಂದರೆ ಸುಮಾರು ಹನ್ನೊಂದೂವರೆ ಗುಂಟೆ. ಚದರ ಮೀಟರಿಗೆ 60ರಂತೆ ಬಿಟ್ಟರೆ ಸುಮಾರು 69,000 ಮರಿ. ನೂರಕ್ಕೆ ಎಂಬತ್ತು ಉಳಿದು ತಲಾ 20 ಗ್ರಾಂ ಆದರೆ, ವ್ಯಾಪಾರಿಗಳ ಭಾಷೆಯಲ್ಲಿ ಕಿಲೊಗೆ ಐವತ್ತರ ‘50 ಕೌಂಟ್’, ಸಿಗುವುದು 1,100 ಕಿಲೊ. ಅದಕ್ಕೆ ಬೇಕಾಗುವ ಮೇವು ಒಂದೂವರೆ ಟನ್. ಮೇವಿನಲ್ಲಿ ಶೇ 35ರಷ್ಟು ಪ್ರೋಟೀನ್ ಇದ್ದರೆ ಅದರೊಳಗಿನ ಸಾರಜನಕ ಸುಮಾರು 85 ಕಿಲೊ. ಹಿಡಿದು ಮಾರಿದ ಸೀಗಡಿಯ ಮೈಯಲ್ಲಿ ಹೊರಹೋಗುವುದು ಮೂವತ್ತು ಚಿಲ್ಲರೆ ಕಿಲೊ ಮಾತ್ರ. ಮಿಕ್ಕ ಐವತ್ತಕ್ಕೂ ಹೆಚ್ಚು ಕಿಲೊ, ಅಂದರೆ ಎರಡೂವರೆ ಚೀಲ ಯೂರಿಯಾದಲ್ಲಿ ಇರುವಷ್ಟು ಸಾರಜನಕ, ಹನ್ನೊಂದೂವರೆ ಗುಂಟೆಯ ನೀರಿನಲ್ಲಿ ಅಮೋನಿಯಾ ಆಗಿ, ನೈಟ್ರೈಟ್ ಆಗಿ, ತಳದ ಕಪ್ಪು ಕೆಸರಾಗಿ ಕೂರುತ್ತದೆ. ಇದು ಒಂದೇ ಬೆಳೆಯ ಲೆಕ್ಕ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಇದರ ಇಮ್ಮಡಿ.

ಕಡಲ ತೀರದ ರೈತ ಈ ನೀರನ್ನು ಹಳ್ಳಕ್ಕೆ ಬಿಡುತ್ತಾನೆ, ಹಳ್ಳ ಕಡಲಿಗೆ ಒಯ್ಯುತ್ತದೆ. ಹಾಗೆ ಬಿಡುವ ಮೊದಲು ನೀರನ್ನು ತಂಗಿಸಿ ತಿಳಿಯಾಗಿಸಬೇಕೆಂಬ ನಿಯಮಗಳಿವೆ. ಪಾಲಿಸದೇ ಬಿಟ್ಟವರೂ ಇದ್ದಾರೆ. ಏನೇ ಆದರೂ ಅಲ್ಲಿ ಉಪ್ಪುನೀರು ಉಪ್ಪುನೀರನ್ನೇ ಸೇರುತ್ತದೆ. ನಾಸಿಕದಿಂದ ಕಡಲಿಗೆ ಘಟ್ಟ ಇಳಿಯಬೇಕು. ಇಲ್ಲಿಯ ನೀರು ಹರಿಯುವುದು ಪೂರ್ವಕ್ಕೆ, ಗೋದಾವರಿಯ ಜೊತೆ. ಸಂಭಾಜಿನಗರ ಕುಡಿಯುವುದೂ ಅದೇ ಗೋದಾವರಿಯ ನೀರನ್ನು, ಪೈಠಣದ ಜಾಯಕವಾಡಿ ಜಲಾಶಯದಿಂದ. ಮೇಲಿನ ನಾಸಿಕ, ಅಹಿಲ್ಯಾನಗರ ಜಿಲ್ಲೆಗಳಿಗೂ ಕೆಳಗಿನ ಮರಾಠವಾಡಕ್ಕೂ ಈ ನೀರಿಗಾಗಿ ವರ್ಷಗಳಿಂದ ಜಗಳ. ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇ 65ಕ್ಕಿಂತ ಕಡಿಮೆಯಿದ್ದರೆ ಗಂಗಾಪುರ, ದಾರಣಾ ಮೊದಲಾದ ಮೇಲಿನ ಅಣೆಕಟ್ಟುಗಳಿಂದ ಕೆಳಕ್ಕೆ ಬಿಡಬೇಕೆಂಬ ಸೂತ್ರ ಬಂದು, ಅದರ ಮೇಲಿನ ಜಗಳ ಹೈಕೋರ್ಟಿನವರೆಗೆ ಹೋದದ್ದುಂಟು. ಎಷ್ಟು ನೀರು ಎಂಬುದಕ್ಕೇ ಇಷ್ಟು ಕಾದಾಡಿದ ಕಣಿವೆಯಲ್ಲಿ ಎಂಥ ನೀರು ಎಂಬ ಪ್ರಶ್ನೆ ಎದ್ದರೆ ಏನಾದೀತು ಎಂದು ಊಹಿಸುವುದು ಕಷ್ಟವಲ್ಲ. ಒಳನಾಡಿನಲ್ಲಿ ಸೀಗಡಿ ಬೆಳೆದೀತೆ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಇದು: ಬೆಳೆ ಮುಗಿದ ಮೇಲೆ ಆ ನೀರನ್ನು ಎಲ್ಲಿಗೆ ಬಿಡುತ್ತೀರಿ?

ಅಮೋನಿಯಾ ಇರುವ ಸಿಹಿನೀರಾದರೆ ತೋಟಕ್ಕೇ ಬಿಡಬಹುದಿತ್ತು, ಗೊಬ್ಬರವಾಗುತ್ತಿತ್ತು. ತೊಡಕು ಉಪ್ಪಿನದು. ವನಾಮಿ ಉಪ್ಪಿನ ವಿಷಯದಲ್ಲಿ ಬಹಳ ಸಹನಶೀಲ. ಕಡಲಿನ ಲೀಟರಿಗೆ 35 ಗ್ರಾಂ ಉಪ್ಪಿನಿಂದ ಹಿಡಿದು ಒಂದೆರಡು ಗ್ರಾಂವರೆಗೂ ಒಗ್ಗಿಕೊಳ್ಳುತ್ತದೆ. ಹ್ಯಾಚರಿಯಿಂದ ಬಂದ ಮರಿಯನ್ನು ತೊಟ್ಟಿಯಲ್ಲಿಟ್ಟು ನಿಧಾನವಾಗಿ ಉಪ್ಪು ಇಳಿಸುತ್ತ ಬಂದರೆ ಬದುಕುತ್ತದೆ. ಆದರೆ ಒಂದಿಷ್ಟು ಉಪ್ಪು ಬೇಕೇ ಬೇಕು. ಅದರಲ್ಲೂ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಪ್ರಮಾಣ ಸರಿಯಿರಬೇಕು. ಹನ್ನೊಂದೂವರೆ ಗುಂಟೆಯ ಹೊಂಡದಲ್ಲಿ ಒಂದೂವರೆ ಮೀಟರ್ ನೀರು ನಿಲ್ಲಿಸಿದರೆ ಸುಮಾರು ಹದಿನೈದು ಲಕ್ಷ ಲೀಟರ್. ಲೀಟರಿಗೆ ಐದೇ ಗ್ರಾಂ ಉಪ್ಪು ಹಾಕುವುದಾದರೂ ಏಳೂವರೆ ಟನ್ ಉಪ್ಪು, ಒಂದು ಲಾರಿ. ಆ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ದಖ್ಖನ್ನಿನ ಬಿಸಿಲು ತೆರೆದ ನೀರನ್ನು ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರಿನಷ್ಟು ಆವಿ ಮಾಡುತ್ತದೆ. ನೀರು ಹೋದಷ್ಟೂ ಉಳಿದದ್ದು ಇನ್ನಷ್ಟು ಉಪ್ಪಾಗುತ್ತದೆ. ಐದು ಗ್ರಾಂ ಉಪ್ಪಿನ ನೀರು ದ್ರಾಕ್ಷಿ ಬಳ್ಳಿ ತಾಳಿಕೊಳ್ಳುವ ಮಿತಿಗಿಂತ ಐದಾರು ಪಟ್ಟು ಉಪ್ಪು. ನಾಸಿಕ, ಸಾಂಗ್ಲಿ, ವಿಜಯಪುರದ ಬೆಳೆಗಾರರಿಗೆ ಉಪ್ಪಿನ ಕಾಟ ಹೊಸದೂ ಅಲ್ಲ. ಡಾಗ್‌ರಿಜ್ ಬೇರುಗಿಡದ ಮೇಲೆ ಥಾಮ್ಸನ್ ದ್ರಾಕ್ಷಿ ಕಸಿ ಕಟ್ಟುವ ಪದ್ಧತಿ ಈ ಸೀಮೆಯಲ್ಲಿ ಹರಡಿದ್ದಕ್ಕೆ ಬರದ ಜೊತೆಗೆ ನೆಲ, ನೀರಿನ ಉಪ್ಪೂ ಕಾರಣ. ಪ್ಲಾಸ್ಟಿಕ್ ಹಾಳೆ ಇದೆಯಲ್ಲ ಎನ್ನಬಹುದು. ಹಾಳೆ ಕೆಲವು ವರ್ಷಕ್ಕೆ ಬಿಸಿಲಿಗೆ ಒಣಗಿ ಸೀಳುತ್ತದೆ, ಇಲಿ ಏಡಿಗಳು ತೂತು ಕೊರೆಯುತ್ತವೆ. ಕೆಳಗೆ ಇರುವುದು ಊರಿನ ಬಾವಿಗಳ ಅಂತರ್ಜಲ.

ಥಾಯ್ಲೆಂಡ್ ಇದನ್ನು ಪೂರ್ತಿಯಾಗಿ ಅನುಭವಿಸಿತು. 1990ರ ದಶಕದಲ್ಲಿ ಅಲ್ಲಿನ ಚಾವೊ ಫ್ರಾಯಾ ನದಿಯ ಬಯಲಿನ ಭತ್ತದ ರೈತರು ಕರಾವಳಿಯಿಂದ, ಉಪ್ಪಿನ ಗದ್ದೆಗಳಿಂದ ಟ್ಯಾಂಕರಿನಲ್ಲಿ ಸಾಂದ್ರ ಉಪ್ಪುನೀರು ತರಿಸಿ, ಸಿಹಿನೀರಿಗೆ ಬೆರೆಸಿ ಟೈಗರ್ ಸೀಗಡಿ ಬೆಳೆದರು. ಮೊದಮೊದಲು ಹಣ ಬಂತು. ಕಾಲುವೆಗಳಿಗೆ ಉಪ್ಪು ಇಳಿದು ಪಕ್ಕದ ಭತ್ತದ ಗದ್ದೆ, ಹಣ್ಣಿನ ತೋಟಗಳವರು ದೂರು ಹೊತ್ತು ಬಂದಾಗ, ದೇಶದ ಅನ್ನದ ಬಟ್ಟಲೇ ಸವುಳಾಗುವ ಭಯದಿಂದ ಅಲ್ಲಿನ ಸರ್ಕಾರ 1998ರಲ್ಲಿ ಸಿಹಿನೀರಿನ ಪ್ರದೇಶಗಳಲ್ಲಿ ಸೀಗಡಿ ಸಾಕಣೆಯನ್ನು ನಿಷೇಧಿಸಿತು. ರಫ್ತಿನಿಂದ ಬರುವ ಡಾಲರುಗಳು ಬೇಕಿದ್ದ ಕಾಲದಲ್ಲೇ ಆ ತೀರ್ಮಾನ ಕೈಗೊಂಡದ್ದನ್ನು ಮೆಚ್ಚಬೇಕು.

ಉಪ್ಪಿನ ಪ್ರಶ್ನೆ ಬದಿಗಿಟ್ಟರೂ ಶೇತತಳೆಯ ಆಕಾರ ಸೀಗಡಿಗೆ ಹೊಂದುವುದಿಲ್ಲ. ಅದನ್ನು ತೋಡಿದ್ದು ನೀರು ಕೂಡಿಡಲು. ಹಾಗಾಗಿ ಇಳಿಜಾರು ಕಡಿದು, ಆಳ ನಾಲ್ಕೈದು ಮೀಟರ್. ಸೀಗಡಿಗೆ ಬೇಕಾದದ್ದು ಒಂದೂವರೆ ಮೀಟರ್ ಆಸುಪಾಸಿನ ಆಳ, ಸಮತಟ್ಟಾದ ಅಗಲ ತಳ, ಕೊಳೆ ಎಳೆದು ಹೊರಹಾಕಲು ನಡುವೆ ತೂಬು. ಆಳದ ಹೊಂಡದಲ್ಲಿ ಮೇಲಿನ ಬಿಸಿನೀರೂ ಕೆಳಗಿನ ತಣ್ಣೀರೂ ಬೆರೆಯುವುದಿಲ್ಲ, ತಳಕ್ಕೆ ಗಾಳಿ ಇಳಿಯುವುದಿಲ್ಲ. ಇನ್ನು ಈ ಹೊಂಡಗಳಿಗೆ ನೀರು ಬರುವ ಬಗೆ. 2017ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಈಶ್ವರ್ ಕಾಳೆ ಮಹಾರಾಷ್ಟ್ರದ ಕೃಷಿ ಹೊಂಡಗಳ ಬಗ್ಗೆ ಬರೆದ ಅಧ್ಯಯನ ಎತ್ತಿ ತೋರಿಸಿದ್ದು ಇದನ್ನೇ. ಮಳೆನೀರು ಹಿಡಿಯಬೇಕಿದ್ದ ಹೊಂಡಗಳನ್ನು ಹಲವರು ಬಾವಿ, ಕೊಳವೆಬಾವಿಯಿಂದ ಪಂಪು ಮಾಡಿ ತುಂಬಿಸುತ್ತಿದ್ದಾರೆ. ನೆಲದ ಕೆಳಗೆ ಎಲ್ಲರಿಗೂ ಸೇರಿದ್ದ ನೀರು ಏರಿಯೊಳಗೆ ಒಬ್ಬರದ್ದಾಗಿ, ಬಿಸಿಲಿಗೆ ಆವಿಯಾಗುತ್ತದೆ. ಅದೇ ನೀರಿಗೆ ಉಪ್ಪು ಬೆರೆಸಿದರೆ ಆಪತ್ಕಾಲದಲ್ಲಿ ತೋಟಕ್ಕೂ ಬಾರದು, ದನಕ್ಕೂ ಬಾರದು. ಸಂಭಾಜಿನಗರ ಜಿಲ್ಲೆಯಲ್ಲಿ ವರ್ಷದ ಮಳೆ 700 ಮಿ.ಮೀ. ಆಸುಪಾಸು, ಬೇಸಿಗೆಯಲ್ಲಿ ಹಳ್ಳಿಗಳಿಗೆ ಟ್ಯಾಂಕರ್ ಓಡುವುದು ಅಲ್ಲಿ ಹೊಸ ಸುದ್ದಿಯಲ್ಲ.

ಚಳಿಯ ವಿಷಯ ಬೇರೆ. ವನಾಮಿ ಚೆನ್ನಾಗಿ ಬೆಳೆಯುವುದು ನೀರು 28ರಿಂದ 32 ಡಿಗ್ರಿ ಇರುವಾಗ. 24ಕ್ಕಿಂತ ಕೆಳಗಿಳಿದರೆ ಮೇವು ಬಿಡುತ್ತದೆ, ಹದಿನೈದರ ಸುಮಾರಿಗೆ ಬಂದರೆ ಜೀವಕ್ಕೇ ಅಪಾಯ. ನಾಸಿಕ ಜಿಲ್ಲೆಯ ನಿಫಾಡ್ ಮಹಾರಾಷ್ಟ್ರದ ಅತಿ ಚಳಿಯ ಊರುಗಳಲ್ಲಿ ಒಂದು. 2018ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಉಷ್ಣಾಂಶ 1.8 ಡಿಗ್ರಿಗೆ ಇಳಿದಿತ್ತು, ದ್ರಾಕ್ಷಿ ತೋಟದವರು ಇಬ್ಬನಿ ಹೆಪ್ಪುಗಟ್ಟೀತೆಂದು ರಾತ್ರಿ ಬೆಂಕಿ ಹಾಕಿ ಕೂರುವ ಸೀಮೆ ಅದು. ಇಂಥಲ್ಲಿ ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಹೊಂಡದಲ್ಲಿ ಸೀಗಡಿ ಇಡುವಂತಿಲ್ಲ. ವಿದ್ಯುತ್ತಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೃಷಿ ಫೀಡರಿಗೆ ದಿನಕ್ಕೆ ಎಂಟು ಹತ್ತು ತಾಸು ಸರದಿಯಲ್ಲಿ ಬರುವ ಕರೆಂಟು ಪಂಪಿಗೆ ಸಾಕು, ಏರೇಟರಿಗೆ ಸಾಲದು. ಜನರೇಟರ್ ಇಟ್ಟು, ಅದು ಕೆಟ್ಟರೆಂದು ಇನ್ನೊಂದು ಇಟ್ಟು, ಡೀಸೆಲ್ ಸುಟ್ಟ ಮೇಲೆ ಉಳಿಯುವ ಲಾಭವನ್ನು ವಿಡಿಯೊಗಳು ತೋರಿಸುವುದಿಲ್ಲ.

ಹಾಗಾದರೆ ಕಡಲ ತೀರದಲ್ಲಾದರೂ ಈ ಕಸುಬು ಸುಗಮವಾಗಿ ನಡೆಯಿತೆ? ಜಪಾನಿನ ಮೊತೊಸಾಕು ಫುಜಿನಾಗ 1930ರ ದಶಕದಲ್ಲಿ ಮೊದಲ ಬಾರಿಗೆ ಕುರುಮಾ ಸೀಗಡಿಯನ್ನು ತೊಟ್ಟಿಯಲ್ಲಿ ಮೊಟ್ಟೆಯಿಡಿಸಿ ಮರಿ ಬೆಳೆಸಿದ ಮೇಲೆ, 1960ರ ದಶಕದ ಕೊನೆಯಲ್ಲಿ ತೈವಾನಿನ ಲಿಯಾವ್ ಐ-ಚಿಯು ಅದನ್ನು ಟೈಗರ್ ಸೀಗಡಿಗೂ ಸಾಧ್ಯವಾಗಿಸಿದ ಮೇಲೆ ಬಂದದ್ದು ಏರಿಳಿತಗಳ ಸಾಲು. ತೈವಾನ್ 1987ರಲ್ಲಿ ಜಗತ್ತಿನ ಮುಂಚೂಣಿಯಲ್ಲಿತ್ತು. ಮರುವರ್ಷವೇ ರೋಗ ಮತ್ತು ಕೆಟ್ಟ ನೀರಿನಿಂದ ಉತ್ಪಾದನೆ ಕುಸಿದುಬಿತ್ತು. ಸೀಗಡಿಗೆ ನಮ್ಮಂತೆ ಒಮ್ಮೆ ಬಂದ ರೋಗವನ್ನು ನೆನಪಿಟ್ಟುಕೊಂಡು ಪ್ರತಿಕಾಯ ತಯಾರಿಸುವ ಶಕ್ತಿಯಿಲ್ಲ. ಆದ್ದರಿಂದ ಕೋಳಿಗೆ ಹಾಕಿದಂತೆ ಅದಕ್ಕೆ ಲಸಿಕೆ ಹಾಕಿ ನಿಶ್ಚಿಂತೆಯಿಂದ ಇರಲಾಗದು. ಬಿಳಿಚುಕ್ಕೆ ಬಂದರೆ ವಾರ ಹತ್ತು ದಿನದಲ್ಲಿ ಹೊಂಡ ಖಾಲಿ. ವೈರಸ್ಸು ಒಂದು ಹೊಂಡದ ನೀರಿನಿಂದ ಇನ್ನೊಂದಕ್ಕೆ, ಏಡಿಯ ಮೈಯಲ್ಲಿ, ಸತ್ತ ಸೀಗಡಿ ಕಚ್ಚಿಕೊಂಡು ಹಾರುವ ಹಕ್ಕಿಯ ಕೊಕ್ಕಿನಲ್ಲಿ ಹೋಗುತ್ತದೆ. ಅದಕ್ಕೇ ಏಡಿಗೆ ಬೇಲಿ, ಹಕ್ಕಿಗೆ ದಾರದ ಬಲೆ, ನೀರಿಗೆ ಬ್ಲೀಚಿಂಗ್ ಪುಡಿ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಲ್ಲಿನ ಗಜನಿ ಗದ್ದೆಗಳು ಮಳೆಗಾಲದಲ್ಲಿ ಉಪ್ಪು ತೊಳೆದುಕೊಂಡು ಕಗ್ಗ ಭತ್ತ ಬೆಳೆಯುತ್ತಿದ್ದವು. ಕೊಯ್ಲು ಮುಗಿದ ಮೇಲೆ ಉಬ್ಬರದ ನೀರು ಒಳಬಿಟ್ಟರೆ ಮೀನು, ಸೀಗಡಿ ತಾವಾಗಿ ಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತಿದ್ದವು. ಮಾಣಿಕಟ್ಟಾದಂಥ ಗಜನಿಗಳಲ್ಲಿ ಇದು ಊರವರೆಲ್ಲರ ವಹಿವಾಟು. ಟೈಗರ್ ಸೀಗಡಿಯ ಬೆಲೆ ಏರಿದಾಗ ಉಪ್ಪುನೀರು ವರ್ಷವಿಡೀ ಗದ್ದೆಯಲ್ಲೇ ನಿಂತಿತು, ಎಷ್ಟೋ ಕಡೆ ಕಗ್ಗ ಬಿತ್ತುವುದೇ ನಿಂತಿತು. ಬಿಳಿಚುಕ್ಕೆ ಬಂದು ಸೀಗಡಿಯೂ ಹೋದಾಗ ಹಿಂದಿನ ಭತ್ತಕ್ಕೆ ಮರಳುವುದು ಸುಲಭವಾಗಿರಲಿಲ್ಲ. ಒಡೆದ ಕಟ್ಟೆಗಳನ್ನು ಕಟ್ಟುವವರಿರಲಿಲ್ಲ. ಉಪ್ಪಿಗೆ ಹುಟ್ಟಿದ ನೆಲದಲ್ಲೇ ಹೀಗಾಯಿತು ಎಂಬುದನ್ನು ಒಳನಾಡಿನವರು ಗಮನಿಸಬೇಕು.

ದೇಶದ ಮಟ್ಟದಲ್ಲಿ ಹೋರಾಟ ಎತ್ತಿದವರು ತಮಿಳುನಾಡಿನ ಗಾಂಧಿವಾದಿ, ವಿನೋಬಾ ಅವರ ಭೂದಾನದಲ್ಲಿ ನಡೆದವರು, ಎಸ್. ಜಗನ್ನಾಥನ್. ಕಾವೇರಿ ಮುಖಜದ ಭತ್ತದ ಗದ್ದೆಗಳನ್ನು ಕಂಪನಿಗಳು ಕೊಂಡು ಸೀಗಡಿ ಹೊಂಡ ಮಾಡಿದಾಗ, ಕುಡಿಯುವ ಬಾವಿಗಳು ಉಪ್ಪಾದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 11ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಪೀಠ ಕರಾವಳಿ ನಿಯಂತ್ರಣ ವಲಯದೊಳಗಿನ ಸೀಗಡಿ ಕೈಗಾರಿಕೆಗಳನ್ನು ತೆರವು ಮಾಡಬೇಕೆಂದೂ ಸಾಂಪ್ರದಾಯಿಕ ಸಾಕಣೆಗೆ ಅಡ್ಡಿಯಿಲ್ಲವೆಂದೂ ಹೇಳಿತು. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ಯ ವಿಜ್ಞಾನಿಗಳು ಕೊಟ್ಟ ವರದಿ ಆ ತೀರ್ಪಿನ ಬೆನ್ನೆಲುಬು. ಹೊಂಡಗಳಿಂದಾಗುವ ನಷ್ಟ ಅವುಗಳ ಗಳಿಕೆಗಿಂತ ಹೆಚ್ಚೆಂದು ಅದು ಲೆಕ್ಕ ಹಾಕಿತ್ತು. ಮುಂದೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಮಾಡಿ ಹೊಂಡಗಳಿಗೆ ನೋಂದಣಿಯ ದಾರಿ ತೆರೆಯಿತು. ಆ ಪ್ರಾಧಿಕಾರದ ಅಧಿಕಾರ ಕರಾವಳಿಗೆ ಸೀಮಿತ. ಒಳನಾಡಿನ ಹೊಂಡ ನೋಡಿಕೊಳ್ಳಬೇಕಾದ್ದು ಆಯಾ ರಾಜ್ಯದ ಮೀನುಗಾರಿಕೆ ಇಲಾಖೆ. ಕಡಲಿಲ್ಲದ ಜಿಲ್ಲೆಯಲ್ಲಿ ಉಪ್ಪುನೀರಿನ ಹೊಂಡಗಳನ್ನು ಯಾರು ಎಣಿಸುತ್ತಾರೆ, ಬಿಟ್ಟ ನೀರನ್ನು ಯಾರು ಅಳೆಯುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಒಳನಾಡಿನಲ್ಲಿ ಸೀಗಡಿ ಗೆದ್ದ ಊರುಗಳೂ ಇವೆ. ಹರಿಯಾಣದ ರೋಹ್ತಕ್, ಸಿರ್ಸಾ, ಪಂಜಾಬಿನ ಮುಕ್ತಸರ, ಫಾಜಿಲ್ಕಾ, ರಾಜಸ್ಥಾನದ ಚುರು. ಇವೆಲ್ಲ ಕಡಲಿನಿಂದ ನೂರಾರು ಮೈಲಿ ದೂರ. ಆದರೆ ಅಲ್ಲಿನ ಅಂತರ್ಜಲ ಮೊದಲೇ ಉಪ್ಪು. ಕಾಲುವೆ ನೀರಾವರಿಯ ನಂತರ ಉಪ್ಪು ಮೇಲೆದ್ದು ಗೋಧಿ, ಹತ್ತಿ ಬಾರದ ನೆಲ ಅದು. ಮುಂಬಯಿಯ ವರ್ಸೋವಾದಲ್ಲಿರುವ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ ರೋಹ್ತಕ್ ಬಳಿಯ ಲಾಹಲಿಯಲ್ಲಿ ಕೇಂದ್ರ ತೆರೆದು ಈ ನೀರನ್ನು ಪರೀಕ್ಷಿಸಿತು. ಉಪ್ಪಿದ್ದರೂ ಆ ನೀರಿನಲ್ಲಿ ಪೊಟ್ಯಾಸಿಯಂ ಕಡಿಮೆ, ಹಾಗಾಗಿ ಸೀಗಡಿ ಸಾಯುತ್ತದೆ; ಹೊಲಕ್ಕೆ ಹಾಕುವ ಪೊಟ್ಯಾಶ್ ಗೊಬ್ಬರವನ್ನೇ ಹೊಂಡಕ್ಕೆ ಹಾಕಿದರೆ ಬದುಕುತ್ತದೆ ಎಂಬುದು ಅಲ್ಲಿ ಕೆಲಸಕ್ಕೆ ಬಂದ ತಿಳಿವಳಿಕೆ. ಅಮೆರಿಕದ ಅಲಬಾಮಾದಲ್ಲಿ ಕ್ಲಾಡ್ ಬಾಯ್ಡ್ ಮತ್ತು ಸಂಗಡಿಗರೂ ಒಳನಾಡಿನ ಉಪ್ಪುನೀರಿನಲ್ಲಿ ಇದೇ ದಾರಿ ಹಿಡಿದಿದ್ದರು. ಹರಿಯಾಣ, ಪಂಜಾಬಿನಲ್ಲೂ ಚಳಿಗಾಲವಿದೆ, ರೈತರು ಬೇಸಿಗೆ ಮಳೆಗಾಲದ ಬೆಳೆ ಮಾತ್ರ ತೆಗೆಯುತ್ತಾರೆ. ಏನೂ ಬೆಳೆಯದ ನೆಲಕ್ಕೆ ಅದು ವರದಾನವಾಯಿತು. ನಮ್ಮ ಕಡೆ ಅಂಥ ನೆಲ ಹುಡುಕುವುದಾದರೆ ನಾಸಿಕದ ದ್ರಾಕ್ಷಿ ಹೊಲಗಳಿಗೆ ಬರಬಾರದು. ಅತಿ ನೀರಾವರಿಯಿಂದ ಸವುಳು ಜೌಗಾದ ಕೃಷ್ಣಾ ತೀರದ ಸಾಂಗ್ಲಿ, ಶಿರೋಳದ ಕಬ್ಬಿನ ಭೂಮಿ, ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಸಿರುಗುಪ್ಪದ ಸವುಳು ನೆಲ, ಇಂಥ ಕಡೆ ಮೊದಲು ನೀರು ಪರೀಕ್ಷಿಸಬೇಕು. ಅಲ್ಲಿಯೂ ಬಿಟ್ಟ ನೀರು ಪಕ್ಕದ ಹೊಲ ಸೇರದಂತೆ ಕಟ್ಟು ಮಾಡಿಕೊಂಡೇ.

ನೀರು ಹೊರಬಿಡದೇ ಬೆಳೆಯುವ ಒಂದು ವಿಧಾನವನ್ನು ಈಗ ಎಲ್ಲೆಡೆ ಹೇಳುತ್ತಾರೆ, ಬಯೊಫ್ಲಾಕ್. ಇಸ್ರೇಲಿನ ಯೋರಂ ಅವ್ನಿಮೆಲೆಕ್ ಮೊದಲಾದವರು ಬೆಳೆಸಿದ ಇದರ ತತ್ವ ಸರಳ. ನೀರಿಗೆ ಬೆಲ್ಲ ಅಥವಾ ಕಾಕಂಬಿ ಸೇರಿಸಿದರೆ ಬ್ಯಾಕ್ಟೀರಿಯಾಗಳು ಅದನ್ನೂ ಅಮೋನಿಯಾವನ್ನೂ ತಿಂದು ಬೆಳೆಯುತ್ತವೆ. ಆ ಬ್ಯಾಕ್ಟೀರಿಯಾಗಳ ಉಂಡೆಗಳನ್ನು ಸೀಗಡಿ ತಿನ್ನುತ್ತದೆ. ಕೊಳೆ ಮತ್ತೆ ಮೇವಾಗುತ್ತದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ 2020ರಿಂದ ಇಂಥ ತೊಟ್ಟಿಗಳಿಗೆ ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರಿಗೆ, ಪರಿಶಿಷ್ಟರಿಗೆ ಶೇ 60 ಸಹಾಯಧನ ಕೊಡುತ್ತ ಬಂದಿದೆ. ಸಕ್ಕರೆ ಕಾರ್ಖಾನೆಗಳ ನಾಡಿನಲ್ಲಿ ಕಾಕಂಬಿಗೆ ಬರವಿಲ್ಲ. ಬರವಿರುವುದು ಕರೆಂಟಿಗೆ. ಬಯೊಫ್ಲಾಕ್ ನೀರಿನಲ್ಲಿ ಸೀಗಡಿಯ ಜೊತೆ ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತಿರುವುದರಿಂದ ಗಾಳಿ ಅರ್ಧ ತಾಸು ನಿಂತರೂ ದಂಡ ತೆರಬೇಕು. ಪ್ರಯೋಗಾಲಯದ ಶಿಸ್ತು ಬಲ್ಲ, ಬದಲಿ ವಿದ್ಯುತ್ ಇರುವ ಒಬ್ಬಿಬ್ಬರಿಗೆ ಇದು ಸಾಧ್ಯ. ಸಹಾಯಧನ ನೋಡಿ ತೊಟ್ಟಿ ಕಟ್ಟಿದವರಿಗೆ ಅಲ್ಲ.

ಸಿಹಿನೀರಿನ ಶೇತತಳೆಗೆ ಒಗ್ಗುವ ಬೇರೆಯೇ ಒಂದು ಸೀಗಡಿ ಇದೆ. ನೀಲಿ ಕೈಗಳ, ಅಂಗೈಗಿಂತ ಉದ್ದ ಬೆಳೆಯುವ ಸ್ಕ್ಯಾಂಪಿ, ನಮ್ಮದೇ ನದಿಗಳ ದೈತ್ಯ ಸಿಹಿನೀರು ಸೀಗಡಿ. ಬದುಕಿಡೀ ಸಿಹಿನೀರಿನಲ್ಲಿದ್ದು ಮರಿಗಳಷ್ಟೇ ಕೆಲವು ವಾರ ಉಪ್ಪುನೀರು ಬೇಡುವ ಇದರ ಗುಟ್ಟನ್ನು 1960ರ ದಶಕದ ಆರಂಭದಲ್ಲಿ ಮಲೇಷ್ಯಾದ ಪೆನಾಂಗಿನಲ್ಲಿ ಬಿಡಿಸಿದವರು ಶಾವೊ-ವೆನ್ ಲಿಂಗ್. ಮರಿಗಳು ಸಿಹಿನೀರಿನಲ್ಲಿ ಸಾಯುತ್ತಿದ್ದುದಕ್ಕೆ ಏನೇನೋ ಬೆರೆಸಿ ನೋಡಿ, ಕೊನೆಗೆ ಉಪ್ಪಿನಂಶವೇ ಬೇಕಿತ್ತೆಂದು ಅವರು ಕಂಡುಕೊಂಡ ಮೇಲೆ ಜಗತ್ತಿನ ಸ್ಕ್ಯಾಂಪಿ ಸಾಕಣೆ ಶುರುವಾಯಿತು. ಇದನ್ನು ಒತ್ತೊತ್ತಾಗಿ ಸಾಕಲಾಗದು. ಗಂಡುಗಳು ಜಾಗಕ್ಕಾಗಿ ಕಾದಾಡುತ್ತವೆ, ಪೊರೆ ಕಳಚಿದವನ್ನು ಉಳಿದವು ತಿಂದುಬಿಡುತ್ತವೆ. ಚದರ ಮೀಟರಿಗೆ ಒಂದೆರಡರಂತೆ, ಅಡಗಲು ತೆಂಗಿನ ಗರಿ, ಹಳೆಯ ಪೈಪಿನ ತುಂಡು ಇಳಿಬಿಟ್ಟು, ಮೇಲ್ನೀರಿನ ಕಾಟ್ಲಾ, ರೋಹು ಮೀನಿನ ಜೊತೆ ಬಿಡುತ್ತಾರೆ. ಇಷ್ಟು ವಿರಳವಾದರೆ ಏರೇಟರಿನ ಹಂಗು ಕಡಿಮೆ, ನೀರಿಗೆ ಉಪ್ಪು ಹಾಕುವ ಮಾತಿಲ್ಲ, ಕೊಳೆನೀರು ಹನಿ ನೀರಾವರಿಯ ಫಿಲ್ಟರ್ ದಾಟಿಸಿದರೆ ದ್ರಾಕ್ಷಿಗೆ ಗೊಬ್ಬರ. ನೀರು ಬಳಸುತ್ತ ಹೋದಂತೆ ಹೊಂಡ ಇಳಿಯುವುದನ್ನೂ ಇದರ ಲೆಕ್ಕದಲ್ಲಿ ಸೇರಿಸಬಹುದು.

ವನಾಮಿಯ ಹಾಗೆ ಇದು ಲಕ್ಷಗಳ ಚಿತ್ರ ಬಿಡಿಸುವುದಿಲ್ಲ. ಭಾರತದಲ್ಲಿ 2000ರ ದಶಕದ ನಡುವೆ ಏರಿದ್ದ ಸ್ಕ್ಯಾಂಪಿ ಸಾಕಣೆ ತಳಿ ಕ್ಷೀಣಿಸಿ, ಬಾಲ ಬಿಳಿಯಾಗುವ ರೋಗ ಬಂದು ಇಳಿದುಹೋಗಿತ್ತು. ಭುವನೇಶ್ವರದ ಸಿಹಿನೀರು ಜಲಕೃಷಿ ಕೇಂದ್ರ ತಳಿ ಆಯ್ಕೆಯಿಂದ ಬೇಗ ಬೆಳೆಯುವ ಪೀಳಿಗೆಯನ್ನು ರೂಪಿಸಿದೆ. ಒಳ್ಳೆಯ ಮರಿ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಸಂಭಾಜಿನಗರದ ಕಡೆ ಜುಲೈನಲ್ಲಿ ಹೊಂಡಕ್ಕೆ ಮೊದಲ ಮಳೆನೀರು ಬಂದಾಗ ನರ್ಸರಿಯಲ್ಲಿ ಒಂದು ತಿಂಗಳು ಬೆಳೆದ ಮರಿ ಬಿಟ್ಟರೆ ನವೆಂಬರ್ ಮಧ್ಯದ ಹೊತ್ತಿಗೆ, ಚಳಿ ಕಚ್ಚುವ ಮೊದಲೇ, ದೊಡ್ಡವನ್ನು ಆರಿಸಿ ಹಿಡಿಯಲು ನಾಲ್ಕು ತಿಂಗಳು ಸಿಗುತ್ತದೆ. ಮೀನು ಹೊಂಡದಲ್ಲೇ ಉಳಿದು ಮಾರ್ಚಿನವರೆಗೆ ಬೆಳೆಯಬಹುದು. ಏಪ್ರಿಲ್ ಮೇ ತಿಂಗಳಲ್ಲಿ ಮೋಸಂಬಿ ಗಿಡಕ್ಕೆ ನೀರು ಹಾಯಿಸಿ ಹೊಂಡ ಬರಿದಾದಾಗ ತಳದ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ಬುಡಕ್ಕೆ ಹಾಕಬಹುದು. ಅದರಲ್ಲಿ ಉಪ್ಪಿರುವುದಿಲ್ಲ.